ಕಾಡಂಚಿನ ಪೊದೆ ಸವರಿದ ಮೇಲೆ

ಅಣಬೆ ಅಕ್ಕನ ತಲೆ ಕೆಟ್ಟು ಗೊಬ್ಬರವಾಗಿತ್ತು.

ಮನೆಯ ಹಿಂದೆ, ಕಾಡು ಶುರುವಾಗುವಲ್ಲೇ ಅವಳ ಅಣಬೆ ಶೆಡ್ಡು. ನೆನೆಸಿದ ಹುಲ್ಲು ತುಂಬಿದ ಚೀಲಗಳು ಸಾಲಾಗಿ ತೂಗುತ್ತವೆ, ಅವುಗಳ ತೂತುಗಳಿಂದ ಅಣಬೆ ಇಣುಕುತ್ತದೆ. ಎಷ್ಟೋ ವರ್ಷ ಕೈಬಿಡದಿದ್ದ ಬೆಳೆ ಈ ಬೇಸಿಗೆಯಲ್ಲಿ ಮೊಗ್ಗಿನಲ್ಲೇ ಒಣಗತೊಡಗಿತ್ತು. ಈ ವಾರವೂ ಬುಟ್ಟಿ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಆಸ್ಪತ್ರೆಯ ಅಡುಗೆಮನೆಯವರು ಹೇಳಿ ಕಳಿಸಿದ್ದರು. ಇದ್ದ ಒಂದೇ ಗಿರಾಕಿ ಕೈತಪ್ಪಿದರೆ ಶೆಡ್ಡಿಗೆ ಬೀಗವೇ ಗತಿ.

ಅಕ್ಕ ಮೊದಲು ಬೀಜವನ್ನು ಬೈದಳು. ಆಮೇಲೆ ಹುಲ್ಲನ್ನು. ಕೊನೆಗೆ ಶೆಡ್ಡಿನ ಗೋಡೆಯ ಥರ್ಮಾಮೀಟರನ್ನು. ರೇಡಿಯೊದವರು ಹೇಳುವ ಊರಿನ ಬಿಸಿಲಿಗಿಂತ ಅದು ಮೊದಲೆಲ್ಲ ಕಡಿಮೆ ತೋರಿಸುತ್ತಿತ್ತು. ಈಗ ಅವರು ಹೇಳಿದ್ದನ್ನೇ ಗಿಳಿಯ ಹಾಗೆ ಒಪ್ಪಿಸುತ್ತಿತ್ತು. ಕೆಟ್ಟಿರಬೇಕೆಂದು ಹೊಸದೊಂದು ತಂದು, ಕೆಲಸದ ನಡುವೆ ಕಣ್ಣಿಗೆ ಬೀಳಲಿ ಎಂದು, ಕಾಡಿನೊಳಗೆ ಹುಲ್ಲು ನೆನೆಸುವ ತೊಟ್ಟಿಯ ಬಳಿ ಮರಕ್ಕೆ ನೇತುಹಾಕಿದಳು. ಅದು ತುಂಬ ಕಡಿಮೆ ತೋರಿಸಿತು. ಈಗ ಯಾವುದನ್ನು ನಂಬುವುದು? ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಮಾತು ನೆನಪಾಗಿ ಅವಳಿಗೆ ತನ್ನ ಮೇಲೇ ಅನುಮಾನ ಬಂತು.

ಗಂಡ ಬಡಗಿ. ಮರ ಕಂಡರೆ ಕೈ ತುರಿಸುವ ಆಸಾಮಿ. ಬೇಸಿಗೆಯ ಮೊದಲಿಗೇ, ಶೆಡ್ಡಿಗೆ ಗಾಳಿಯಾಡಲಿ ಎಂದು ಹೊತ್ತು ಮುಳುಗುವ ಕಡೆಯ ಪೊದೆಯನ್ನೆಲ್ಲ ಸವರಿ ಹಾಕಿದ್ದ. ಆದರೂ ಸೆಕೆ ಇಳಿಯಲಿಲ್ಲವಲ್ಲ, ಇನ್ನಷ್ಟು ಗಾಳಿ ಬೇಕು ಎಂದು ಅವನ ಲೆಕ್ಕ. ಆ ಕಡೆಯ ಮರಗಳನ್ನೂ ನಾಳೆ ಇಳಿಸಿಬಿಡುವ ಹುರುಪಿನಲ್ಲಿ ಗರಗಸಕ್ಕೆ ಅರ ಹಾಕುತ್ತ ಕೂತಿದ್ದ.

ಅಷ್ಟರಲ್ಲಿ ನಾದಿನಿ ಬಂದಳು. ಅವಳು ಸಸಿ ಬೆಳೆಸುವ ನರ್ಸರಿಯಲ್ಲಿ ಕೆಲಸದವಳು. ಅಕ್ಕ ತನ್ನ ಗೋಳೆಲ್ಲ ಹೇಳಿಕೊಂಡು, ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನೂ ಕೇಳಿದಳು.

"ಕಾಡೊಳಗೆ ಇಷ್ಟು ತಂಪಿದೆ. ಮತ್ತೆ ಭೂಮಿ ಬಿಸಿಯಾಗ್ತಿದೆ, ಹವಾಮಾನ ಬದಲಾಗ್ತಿದೆ ಅಂತಾರಲ್ಲ, ಅದೆಲ್ಲ ಸುಳ್ಳಾ?"

"ಕೊಡೆ ಹಿಡಿದವಳ ತಲೆ ಸುಡಲ್ಲ ಅತ್ತಿಗೆ. ಹಾಗಂತ ಬಿಸಿಲೇ ಇಲ್ಲ ಅಂತೀರಾ?"

ರೇಡಿಯೊದ ಲೆಕ್ಕ ಬಯಲಲ್ಲಿ ಅಳೆದದ್ದು ಎಂದಳು ನಾದಿನಿ. ಮರದಡಿಯ ಹವೆಯೇ ಬೇರೆ. ಮೇಲೆ ಎಲೆ ಬಿಸಿಲು ತಡೆಯುತ್ತದೆ, ಪಸೆಯನ್ನೂ ಬಿಡುತ್ತದೆ. ಅಂಚಿನ ಪೊದೆ ಬಿಸಿಗಾಳಿಗೆ ಪರದೆ ಕಟ್ಟುತ್ತದೆ. ಲೋಕ ಕಾದ ಹಾಗೆ ಕಾಡೂ ಕಾಯುತ್ತದೆ, ಆದರೆ ನಿಧಾನಕ್ಕೆ. ಪರದೆ ಕಿತ್ತರೆ ಹೊರಗಿನ ಕಾವು ಒಮ್ಮೆಗೇ ನುಗ್ಗುತ್ತದೆ. ಒಳಗಿನ ಸಸಿ, ಪಾಚಿ, ಅಣಬೆಗೆ ಸುಧಾರಿಸಿಕೊಳ್ಳಲು ಹೊತ್ತೇ ಸಿಗುವುದಿಲ್ಲ.

ಬಡಗಿ ನಕ್ಕುಬಿಟ್ಟ. "ಗಾಳಿ ಬಂದ್ರೆ ತಂಪು ಅಂತ ಹಾಲು ಕುಡಿಯೋ ಮಗುಗೂ ಗೊತ್ತು."

ಅದೂ ಸರಿಯೆನಿಸಿತು ಅಕ್ಕನಿಗೆ. ಅತ್ತ ಗಂಡ, ಇತ್ತ ನಾದಿನಿ. ಇಬ್ಬರ ಮಾತಿಗೂ ತಲೆಯಾಡಿಸಿ ಅವಳ ಕತ್ತು ನೋಯತೊಡಗಿತು.

"ಬಟ್ಟೆ ಎಲ್ಲಿ ಒಣಹಾಕ್ತೀಯ ಅಣ್ಣ? ಗಾಳಿ ಇರೋ ಕಡೆ ತಾನೆ? ನಿನ್ನ ಬೆವರಿಗೆ ಗಾಳಿ ತಂಪು. ಅಣಬೆಗೆ ಅದೇ ಗಾಳಿ ಒಣಗಿಸೋ ಹಗ್ಗ."

ಬಡಗಿಯ ನಗು ನಿಂತಿತು. ಆದರೂ ಸೋಲುವ ಜಾತಿಯಲ್ಲ ಅವನು. ಎರಡರಲ್ಲೊಂದು ಥರ್ಮಾಮೀಟರ್ ಕೆಟ್ಟಿದೆ ಎಂದು ಹಟ ಹಿಡಿದ. ಹಾಗಾದರೆ ಅದಲುಬದಲು ಮಾಡಿ ನೋಡು ಎಂದಳು ತಂಗಿ. ಮರುದಿನ ಉರಿಬಿಸಿಲಲ್ಲಿ, ಮರಕ್ಕೆ ಗರಗಸ ಇಡುವ ಮೊದಲು, ಅವನೇ ಶೆಡ್ಡಿನದನ್ನು ಕಾಡಿಗೂ ಕಾಡಿನದನ್ನು ಶೆಡ್ಡಿಗೂ ತೂಗುಹಾಕಿದ. ಮೂವರೂ ಕಾದರು. ಕಾಡಿಗೆ ಹೋದದ್ದು ಸರಸರನೆ ಇಳಿಯಿತು. ಶೆಡ್ಡಿಗೆ ಬಂದದ್ದು ಏರಿತು. ಎರಡೂ ಕೆಟ್ಟಿರಲಿಲ್ಲ.

ಬಡಗಿ ಗರಗಸ ಕೆಳಗಿಟ್ಟು ತೊಟ್ಟಿಯ ಕಟ್ಟೆಯ ಮೇಲೆ ಕೂತ. "ಹಾಗಾದ್ರೆ ನಿನ್ನ ಅಣಬೆ ಒಣಗಿಸಿದ್ದು ನಾನೇನಾ?"

ಅಕ್ಕನಿಗೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನಿಸಿತು. "ಮೊದಲು ಚೀಲ ಹೊರಿ ಬನ್ನಿ," ಎಂದಳು.

ಗರಗಸ ಗೋಡೆಯ ಗೂಟಕ್ಕೆ ಹೋಯಿತು. ಒಳ್ಳೆಯ ಚೀಲಗಳು ಮರದಡಿಗೆ ಬಂದವು. ಪೊದೆ ಇದ್ದ ಜಾಗದಲ್ಲಿ ಬಡಗಿ ಕಂಬ ನೆಟ್ಟು ಒದ್ದೆ ಗೋಣಿಯ ಪರದೆ ಕಟ್ಟಿದ. ನಾದಿನಿ ಪೊದೆಯಾಗಿ ಬೆಳೆಯುವ ಸಸಿ ತಂದಳು. ವಾರದ ಕೊನೆಗೆ ಆಸ್ಪತ್ರೆಗೆ ಅರ್ಧ ಬುಟ್ಟಿ ಹೋಯಿತು. ಅಡುಗೆಯವರು ಗೊಣಗಿದರು, ಆದರೂ ತೆಗೆದುಕೊಂಡರು.

ಅಕ್ಕನ ಗೊಂದಲ ಮಾತ್ರ ಪೂರ್ತಿ ಹೋಗಲಿಲ್ಲ. ಲೋಕ ಹೀಗೇ ಕಾಯುತ್ತ ಹೋದರೆ ಈ ಮರಗಳ ಕೊಡೆ ಎಷ್ಟು ದಿನ ತಡೆದೀತು ಎಂದು ಕೇಳಿದಳು.

"ಅದು ನನಗೂ ಗೊತ್ತಿಲ್ಲ ಅತ್ತಿಗೆ," ಎಂದಳು ನಾದಿನಿ. "ಹೊರಗಿನ ಕಾವು ಇಳಿಸೋದು ಊರೆಲ್ಲ ಸೇರಿ ಮಾಡ್ಬೇಕಾದ ಕೆಲಸ. ನಮ್ಮ ಕೈಲಿರೋ ಕೊಡೆ ನಾವೇ ಮಡಚದೆ ಇರೋಣ."

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನ ಅಂಚಿಗೂ ಮರಗಳಿವೆಯೇ? ಈ ಮಧ್ಯಾಹ್ನ ಒಂದು ಗಳಿಗೆ ಬಯಲಲ್ಲಿ ನಿಂತು, ಆಮೇಲೆ ಮರದಡಿಗೆ ಹೋಗಿ ನಿಲ್ಲಿ. ನಿಮ್ಮ ಮೈಯೇ ಹೇಳುತ್ತದೆ. ಪೊದೆಗೆ ಕತ್ತಿ ಎತ್ತುವ ಮುಂಚೆ, ಅದರ ಹಿಂದಿನ ತಂಪನ್ನು ಯಾರು ನಂಬಿ ಬದುಕಿದ್ದಾರೆ ಎಂದು ಕೇಳಿಕೊಳ್ಳಿ. ಗೊತ್ತಾಗಲಿಲ್ಲವೇ? ಹಾಗಾದರೆ ಕತ್ತಿ ಕೆಳಗಿಡಿ.