ಲೆವೆಲ್ ಪೈಪಿನ ಎರಡು ತುದಿ

ನೀರು ತುಂಬಿದ ಆ ಪಾರದರ್ಶಕ ಪೈಪು ಇಂದಿಗೂ ನನ್ನ ಕಣ್ಣ ಮುಂದಿದೆ. ಕಟ್ಟಡ ಕೆಲಸದವರು ಅದನ್ನು ಲೆವೆಲ್ ಪೈಪು ಎನ್ನುತ್ತಾರೆ. ಒಂದೊಂದು ತುದಿಯನ್ನು ಒಬ್ಬೊಬ್ಬರು ಹಿಡಿಯಬೇಕು. ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ.

ಆಗ ನಾನು ಕಟ್ಟಡದ ತಕರಾರುಗಳು ಏಕೆ ಹುಟ್ಟುತ್ತವೆ, ಹೇಗೆ ಬಗೆಹರಿಯುತ್ತವೆ ಎಂದು ಸಂಶೋಧನೆ ಮಾಡುತ್ತಿದ್ದೆ. ಎಲ್ಲಿ ಜಗಳವೆಂದರೂ ಹಬ್ಬದೂಟಕ್ಕೆ ಕರೆ ಬಂದವನಂತೆ ಓಡುತ್ತಿದ್ದೆ. ಹಾಗೆ ಹೋದದ್ದು ಮಂದಾಕಿನಿ ಟೀಚರ್ ನೃತ್ಯಶಾಲೆಗೆಂದು ಕಟ್ಟಿಸಿದ ಹಾಲ್‌ಗೆ. ಮಳೆ ಬಂದರೆ ರಸ್ತೆಯ ನೀರೆಲ್ಲ ಒಳಗೆ ನುಗ್ಗುತ್ತಿತ್ತು. ಮೇಸ್ತ್ರಿ ದಸ್ತಗೀರ್ ಸಾಹೇಬರು ನೆಲವನ್ನು ತಗ್ಗಾಗಿ ಹಾಕಿದ್ದಾರೆ, ಅಗೆದು ಹೊಸದಾಗಿ ಹಾಕಲಿ ಎಂದು ಟೀಚರ್ ಕೋರ್ಟಿಗೆ ಹೋಗಿದ್ದರು. ಸುದ್ದಿ ಹಬ್ಬಿ ಮೇಸ್ತ್ರಿಯನ್ನು ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಇಬ್ಬರೂ ಮಾತು ಬಿಟ್ಟಿದ್ದರು.

“ನನ್ನ ಹುಡುಗೀರು ಕೆಸರಲ್ಲಿ ಕುಣೀಬೇಕಾ? ಕೇಳಿ ಇವ್ರನ್ನ,” ಎಂದರು ಟೀಚರ್, ನನ್ನ ಕಡೆ ತಿರುಗಿ.

“ನೆಲ ಅಂಗಳದ ಬಾವಿ ಚಪ್ಪಡಿ ಸಮಕ್ಕೆ ಬರ್ಲಿ ಅಂದೋರು ಯಾರು? ಅದನ್ನೂ ಕೇಳಿ ಸಾರ್,” ಎಂದರು ಮೇಸ್ತ್ರಿ.

ಇವರಿಬ್ಬರ ನಡುವೆ ಅಂಚೆಯವನಾಗಿ ನನಗೆ ರೇಗಿತು. ಮೇಸ್ತ್ರಿಯದೇ ಲೆವೆಲ್ ಪೈಪಿನ ಒಂದೊಂದು ತುದಿಯನ್ನು ಇಬ್ಬರ ಕೈಗೂ ತುರುಕಿ, “ನೀವೇ ಅಳೀರಿ. ನಾನು ಬಾಯಿ ಬಿಡಲ್ಲ,” ಎಂದೆ. ಆ ಪೈಪು ಹಿಡಿದವರು ಮಾತಾಡದೆ ಗತಿಯಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಮೇಸ್ತ್ರಿ ಅಂಗಳದ ಬಾವಿಯ ಬಳಿ ನಿಂತರು, ಟೀಚರ್ ಹಾಲ್‌ನ ಬಾಗಿಲಲ್ಲಿ. ಬಹಳ ಹೊತ್ತು ಇಬ್ಬರೂ ಬಿಗುಮಾನದಿಂದ ನೀರನ್ನೇ ನೋಡಿದರು.

“ನಿಂತಿತಾ, ಟೀಚರಮ್ಮಾ?” ಕೊನೆಗೆ ಮೇಸ್ತ್ರಿಯೇ ಕೂಗಿದರು.

“ಇರಿ, ಅಲುಗಾಡ್ತಿದೆ... ಹಾಂ, ನಿಂತಿತು.”

ಚಪ್ಪಡಿಗೂ ಹಾಲ್‌ಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ; ಟೀಚರ್ ಕೇಳಿದಂತೆಯೇ ನೆಲ ಬಂದಿತ್ತು. ಟೀಚರ್ ಮುಖ ಬಾಡಿತು. ನಾನು ಅವರನ್ನು ಪೈಪಿನ ಸಮೇತ ರಸ್ತೆಗೆ ಕರೆದೆ. ಅಲ್ಲಿಯೂ ಅದೇ ಮಟ್ಟ!

“ನಾನು ನೆಲ ಹಾಕಿದಾಗ ರಸ್ತೆ ಒಂದು ಗೇಣು ಕೆಳಗಿತ್ತಲ್ಲ!” ಮೇಸ್ತ್ರಿ ಬೆರಗಾದರು.

ಟೀಚರ್ ಹಣೆ ಚಚ್ಚಿಕೊಂಡರು. “ಅಯ್ಯೋ, ಹೋದ ಬೇಸಿಗೇಲಿ ಜಲ್ಲಿ ಹಾಕಿ, ಡಾಂಬರು ಸುರಿದು ಎತ್ತರಿಸಿದ್ರಲ್ಲ! ನಾನೇ ಅವ್ರಿಗೆ ಮಜ್ಜಿಗೆ ಕೊಟ್ಟಿದ್ದೆ, ಮೇಸ್ತ್ರಿ!”

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ಟೀಚರ್ ಕೂಡ ನಕ್ಕರು, ನಗುತ್ತಲೇ ಅತ್ತರು. “ನಿಮ್ಮ ಹೆಸರು ಕೆಡಿಸಿಬಿಟ್ಟೆ. ಕೇಸು ವಾಪಸ್ ತಗೋತೀನಿ. ನಾಲ್ಕು ಜನರ ಮುಂದೆ ಹೇಳ್ತೀನಿ.”

“ನೆಲ ಅಗೆಯೋದು ಬೇಡ. ಎತ್ತರಕ್ಕೊಂದು ಹೊಸ್ತಿಲು, ಹೊರಗೊಂದು ಚರಂಡಿ. ನಾನಿದ್ದೀನಿ,” ಎಂದರು ಮೇಸ್ತ್ರಿ.

ನೃತ್ಯಶಾಲೆ ಆರಂಭವಾದ ದಿನ ಮಳೆ ಸುರಿಯಿತು. ತುಂಬಿದ ಸಭೆಯಲ್ಲಿ ಟೀಚರ್ ನಡೆದದ್ದನ್ನೆಲ್ಲ ಹೇಳಿ, ಮೇಸ್ತ್ರಿಯನ್ನು ಮುಂದೆ ಕೂರಿಸಿದರು. ಹುಡುಗಿಯರು ಗೆಜ್ಜೆ ಕಟ್ಟಿಕೊಳ್ಳುವಾಗ ಮೇಸ್ತ್ರಿ ಮೆಲ್ಲನೆ ಎದ್ದು ಬಾಗಿಲಿಗೆ ಹೋದರು.

ಟೀಚರ್ ವೇದಿಕೆಯಿಂದಲೇ ಕೂಗಿದರು, “ನಿಂತಿತಾ, ಮೇಸ್ತ್ರಿ?”

ಮೇಸ್ತ್ರಿ ಬಗ್ಗಿ, ಹೊಸ್ತಿಲೀಚೆಯ ಒಣನೆಲದ ಮೇಲೆ ಅಂಗೈ ಇಟ್ಟರು. ಆಚೆ ರಸ್ತೆಯ ನೀರು ತುಂಬಿಕೊಂಡಿತ್ತು.

“ನಿಂತಿತು, ಟೀಚರಮ್ಮಾ.”