ಹಸಿರು ಬೋರ್ಡಿನ ಕೊನೆಯ ಸಾಲು

ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಕಮರುನ್ನೀಸಾ ಅವರ ಬಂದೂಕಿನ ಅಂಗಡಿ. ಗಂಡ ತೀರಿಕೊಂಡ ಮೇಲೂ ಆಕೆ ಒಂದು ಕಟ್ಟಳೆಯನ್ನು ಬಿಟ್ಟಿಲ್ಲ. ದುರ್ಬೀನು ಕೊಳ್ಳಲು ಯಾರೇ ಬರಲಿ, ಅದನ್ನು ಬಂದೂಕಿಗೆ ಕೂರಿಸುವ ಮೊದಲು ಮಹಡಿಗೆ ಹೋಗಿ ಬೋರ್ಡು ಓದಬೇಕು. ಮಹಡಿಯ ಕಿಟಕಿಯ ಹತ್ತಿರ ಒಂದು ಮರದ ದಿಮ್ಮಿ ಇದೆ. ಅದರ ಮೇಲೆ ದುರ್ಬೀನು ಮಾತ್ರ, ಬಂದೂಕು ಕೆಳಗೇ ಇರುತ್ತದೆ. ಗಲ್ಲಿಯ ಆ ತುದಿಯಲ್ಲಿ ಹಾಸಿಗೆ ಹೊಲಿಯುವವರ ಹಸಿರು ಬೋರ್ಡು. ಮೇಲೆ ದಪ್ಪಕ್ಷರದಲ್ಲಿ ಅಂಗಡಿಯ ಹೆಸರು, ನಡುವೆ ಹತ್ತಿ, ದಿಂಬು, ಗಾದಿ ಎಂದು ಒಂದು ಸಾಲು, ಕೊನೆಯಲ್ಲಿ ಸಣ್ಣ ಅಂಕಿಗಳ ಫೋನ್ ನಂಬರು. ಗಿರಾಕಿ ಓದಿ ಹೇಳಿದ್ದನ್ನು ಹೇಳಿದ ಹಾಗೇ ರಿಜಿಸ್ಟರಿನಲ್ಲಿ ಬರೆದು, ಓದಿ ಕೇಳಿಸಿ, ಸಹಿ ಹಾಕಿಸಿಕೊಂಡ ಮೇಲೇ ಮಾರಾಟ.

ಬರೆದುಕೊಳ್ಳುವ ಕೆಲಸ ಪೂಜಿತಾಳದು. ಮರ್ಫಿ ಟೌನಿನ ಹುಡುಗಿ. ಬಿ.ಕಾಂ. ಮುಗಿಸಿ ಇಲ್ಲಿಗೆ ಸೇರಿ ಒಂದೂವರೆ ವರ್ಷವಾಗಿತ್ತು. ಬಾಯಿ ತೆರೆದು ಆಡಬೇಕಾದ ಮಾತು ಅವಳಿಗೆ ಗಂಟಲಲ್ಲೇ ನಿಲ್ಲುತ್ತಿತ್ತು. ಬರೆಯುವುದಾದರೆ ಎಷ್ಟು ಬೇಕಾದರೂ ಬರೆದಾಳು. ಮಂಡಿನೋವಿನಿಂದ ಕಮರುನ್ನೀಸಾ ಮಹಡಿ ಹತ್ತುವುದನ್ನು ಬಿಟ್ಟ ಮೇಲೆ ಆ ಕಿಟಕಿ, ಆ ಬೋರ್ಡು, ಆ ರಿಜಿಸ್ಟರು ಮೂರೂ ಅವಳ ಪಾಲಿಗೇ ಬಂದಿದ್ದವು.

ಆ ಸೋಮವಾರ ಮಧ್ಯಾಹ್ನ ಮುನಿರಾಜಪ್ಪ ಬಂದರು. ಕೆ.ಆರ್. ಪುರದ ಆಚೆಯವರು, ಅರವತ್ತೈದರ ಹತ್ತಿರ, ಎತ್ತರದ ಆಳು. ಅವರ ತಂದೆ ಬೇಟೆಯ ಕಾಲದಲ್ಲಿ ಕೊಂಡಿದ್ದ ದೊಡ್ಡ ಗುಂಡಿನ ತ್ರೀ ಸೆವೆಂಟಿ ಫೈವ್ ರೈಫಲ್ಲು ಲೈಸೆನ್ಸಿನ ಸಮೇತ ಇವರಿಗೆ ಬಂದಿತ್ತು. ಬೇಟೆ ನಿಂತು ಎಷ್ಟೋ ಕಾಲವಾಯಿತು. ಮುನಿರಾಜಪ್ಪ ಅದನ್ನು ಹೆಗಲಿಗೇರಿಸುತ್ತಿದ್ದುದು ಒಂದೇ ಕೆಲಸಕ್ಕೆ. ಮಾಲೂರಿನ ಕಡೆ ರಾಗಿ ಹೊಲಗಳಿಗೆ ಪುಂಡಾನೆ ಇಳಿದರೆ, ಅರಿವಳಿಕೆ ಮದ್ದಿನ ಸೂಜಿ ಹೊಡೆಯಲು ಅರಣ್ಯ ಇಲಾಖೆಯ ಡಾಕ್ಟರು ಪೊದೆಯೊಳಕ್ಕೆ ನಡೆದೇ ಹೋಗಬೇಕು. ಅವರ ಬೆನ್ನಿಗೆ ಹತ್ತು ಹೆಜ್ಜೆ ಹಿಂದೆ ಇವರು ನಿಲ್ಲುತ್ತಿದ್ದರು. ಆನೆ ತಿರುಗಿಬಿದ್ದರೆ ಮಾತ್ರ ಗುಂಡು. ಇಪ್ಪತ್ತಾರು ವರ್ಷದಲ್ಲಿ ಎರಡೇ ಸಲ ಹೊಡೆದಿದ್ದರು, ಎರಡು ಸಲವೂ ಡಾಕ್ಟರು ಜೀವಂತವಾಗಿ ಮನೆಗೆ ಹೋಗಿದ್ದರು.

"ಗುರುವಾರಕ್ಕೆ ಮತ್ತೆ ಕರೆ ಬಂದಿದೆ ಆಪಾ," ಎಂದರು ಕಮರುನ್ನೀಸಾ ಅವರಿಗೆ, ಇಲಾಖೆಯ ಕಾಗದವನ್ನು ಗಾಜಿನ ಮೇಜಿನ ಮೇಲಿಡುತ್ತ. "ಈ ಸಲ ಒಂದು ದುರ್ಬೀನ್ ಹಾಕ್ಸೋಣ ಅಂತ. ಬರೀ ಕಣ್ಣಲ್ಲಿ ಎಷ್ಟ್ ದಿನ ಅಂತ ಹೊಡೆಯೋದು. ಇರೋದ್ರಲ್ಲಿ ದೊಡ್ಡದು ತೋರ್ಸಿ."

ಕಮರುನ್ನೀಸಾ ಎರಡನ್ನು ತೆಗೆದಿಟ್ಟರು. ಒಂದು ನೀರಿನ ಬಾಟಲಿಯಷ್ಟು ದಪ್ಪ, ದೂರದ್ದನ್ನು ಹದಿನಾರು ಪಟ್ಟು ಹತ್ತಿರ ತರುವಂಥದ್ದು. ಇನ್ನೊಂದು ಗೇಣುದ್ದದ್ದು, ಒಂದರಿಂದ ನಾಲ್ಕು ಪಟ್ಟು, ಅಷ್ಟೆ. ಮುನಿರಾಜಪ್ಪನವರ ಕೈ ನೇರ ದೊಡ್ಡದರ ಮೇಲೆ ಹೋಯಿತು.

"ಅರೆ ಮುನಿರಾಜಣ್ಣ, ಆನೆ ನೋಡೋಕೆ ಹೋಗ್ತಿದ್ದೀರೋ, ಚಂದ್ರನ್ನ ನೋಡೋಕೆ ಹೋಗ್ತಿದ್ದೀರೋ?"

"ನಗ್ಬೇಡಿ ಆಪಾ."

"ನಗದೆ ಏನ್ ಮಾಡ್ಲಿ? ಹದಿನೈದು ಹೆಜ್ಜೆಯಲ್ಲಿ ಆನೆ ನಿಂತಿದ್ರೆ ಇದ್ರಲ್ಲಿ ಏನ್ ಕಾಣುತ್ತೆ? ಚರ್ಮ! ಕಿವಿಯೋ ಹೊಟ್ಟೆಯೋ ಯಾರಿಗ್ ಗೊತ್ತು. ಕಡಿಮೆ ಮಾಡಿದ್ರೂ ನಾಲ್ಕು ಪಟ್ಟಿಗಿಂತ ಕೆಳಗೆ ಇಳಿಯಲ್ಲ ಇದು. ಚಿಕ್ಕದನ್ನ ಒಂದಕ್ಕೆ ಇಟ್ರೆ ಎರಡೂ ಕಣ್ಣು ಬಿಟ್ಕೊಂಡೇ ಹೊಡೀಬಹುದು, ಪಕ್ಕದಲ್ಲಿ ಯಾರಿದ್ದಾರೆ ಅಂತನೂ ಕಾಣುತ್ತೆ. ನಿಮ್ಮ ರೈಫಲ್ ಒದೆಯೋದು ಗೊತ್ತಲ್ಲ? ಕಣ್ಣಿಗೂ ಗಾಜಿಗೂ ನಾಲ್ಕು ಬೆರಳು ಜಾಗ ಇಲ್ದಿದ್ರೆ ಹುಬ್ಬು ಸೀಳಿಹೋಗುತ್ತೆ. ಚಿಕ್ಕದ್ರಲ್ಲಿ ಆ ಜಾಗ ಇದೆ."

ಆಕೆ ಹೇಳಿದ್ದು ಬಂದೂಕು ಬಲ್ಲ ಯಾರಿಗಾದರೂ ಗೊತ್ತಿರುವ ಮಾತು. ಮುನಿರಾಜಪ್ಪನವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅವರು ದೊಡ್ಡದನ್ನು ಎದೆಗೆ ಒತ್ತಿಕೊಂಡು, "ನಂಗೆ ಇದೇ ಇರ್ಲಿ," ಎಂದರು. ಟೀ ಗ್ಲಾಸನ್ನು ಕೆಳಗಿಡುವಾಗ ಮೊದಲು ಬೆರಳಿನಿಂದ ಮೇಜಿನ ಅಂಚನ್ನು ತಡವಿದರು. ಪೂಜಿತಾ ನೋಡಿದಳು. ನೋಡಿದ್ದನ್ನು ಏನೆಂದುಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ.

"ಸರಿ, ಬೋರ್ಡ್ ಓದ್ಕೊಂಡ್ ಬನ್ನಿ. ಎರಡ್ರಲ್ಲೂ ಓದಿ, ಆಮೇಲೆ ಮಾತಾಡೋಣ," ಎಂದು ಕಮರುನ್ನೀಸಾ ಸೋತವರಂತೆ ಕೈಚೆಲ್ಲಿದರು.

ಮೇಲೆ ಪೂಜಿತಾ ಮೊದಲು ಚಿಕ್ಕದನ್ನು ದಿಮ್ಮಿಗೆ ಕೂರಿಸಿದಳು. ಮುನಿರಾಜಪ್ಪ ಬಲಗಣ್ಣು ಇಟ್ಟು, ಉಸಿರು ಹಿಡಿದು, ಶಾಲೆಯ ಮಗ್ಗಿ ಒಪ್ಪಿಸುವ ಹಾಗೆ ಗಡಗಡನೆ ಮೂರೂ ಸಾಲು ಓದಿಬಿಟ್ಟರು. ನಂಬರಿನ ಕೊನೆಗೆ ಏಳು, ಮೂರು, ಸೊನ್ನೆ, ಎರಡು. ದೊಡ್ಡದರಲ್ಲೂ ಅದೇ ವೇಗ, ಅದೇ ಏಳು, ಮೂರು, ಸೊನ್ನೆ, ಎರಡು.

ಪೂಜಿತಾಳ ಪೆನ್ನು ನಿಂತಿತು.

ಹಾಸಿಗೆ ಅಂಗಡಿಯ ಮುದುಕರು ಊರಿಗೆ ಹೋಗಿ, ಅವರ ಅಳಿಯ ಓವೈಸ್ ಅಂಗಡಿ ಹಿಡಿದು ಮೂರು ವಾರವಾಗಿತ್ತು. ಆತ ಬೋರ್ಡಿನ ಕೊನೆಯ ಸಾಲನ್ನಷ್ಟೇ ಒರೆಸಿ ತನ್ನ ನಂಬರು ಬರೆಸಿದ್ದ. ಬಣ್ಣ ಬಳಿಯುವವನು ಏಣಿಯ ಮೇಲಿದ್ದುದನ್ನು ಪೂಜಿತಾ ಈ ಕಿಟಕಿಯಿಂದಲೇ ನೋಡಿದ್ದಳು. ಈಗ ಅಲ್ಲಿರುವುದು ಎಂಟು, ಎಂಟು, ನಾಲ್ಕು, ಆರು. ಮುನಿರಾಜಪ್ಪ ಓದಿದ ನಂಬರು ಈಗ ಬೋರ್ಡಿನ ಮೇಲೇ ಇಲ್ಲ. ದುರ್ಬೀನು ಕೊಳ್ಳುವ ಯಾರ್ಯಾರಿಗೋ ಜೊತೆಯಾಗಿ ಬಂದು, ಎಷ್ಟೋ ವರ್ಷ ಇದೇ ಕಿಟಕಿಯಲ್ಲಿ ಅದನ್ನು ಓದಿದ್ದ ಅವರಿಗೆ ಅದು ಬಾಯಿಪಾಠವಾಗಿತ್ತು.

ಹದಿನಾರು ಪಟ್ಟು ಹತ್ತಿರ ತಂದರೂ ಕಾಣದ ಕಣ್ಣು. ಗುರುವಾರ ಆ ಕಣ್ಣಿನ ಮುಂದೆ, ಹತ್ತು ಹೆಜ್ಜೆಯಲ್ಲಿ, ಬೆನ್ನು ಹಾಕಿ ಒಬ್ಬರು ನಡೆಯುತ್ತಾರೆ.

ಕೆಳಗೆ ಹೋಗಿ ಆಪಾಗೆ ಹೇಳಬಹುದಿತ್ತು. ಆದರೆ ಆಪಾ ದೊಡ್ಡ ಗಂಟಲಿನವರು, ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ಇಷ್ಟು ದೊಡ್ಡ ಮನುಷ್ಯರ ಮಾನ ಎಲ್ಲರೆದುರು ಹೋಗುತ್ತದೆ. ಸುಮ್ಮನಿರಲೂಬಹುದಿತ್ತು, ಓದಿದ್ದನ್ನು ಓದಿದ ಹಾಗೇ ಬರೆಯುವುದಷ್ಟೇ ತಾನೇ ಅವಳ ಕೆಲಸ. ಅವಳು ಅವರು ಹೇಳಿದ ಅಂಕಿಗಳನ್ನು ಬರೆದಳು. ಅದರ ಕೆಳಗೆ ಬೋರ್ಡಿನ ಮೇಲಿದ್ದ ಅಂಕಿಗಳನ್ನೂ ಬರೆದಳು. ರಿಜಿಸ್ಟರನ್ನು ಅವರತ್ತ ತಿರುಗಿಸಿ ಪೆನ್ನು ಕೊಟ್ಟಳು. ಅವರೇ ಓದಿಕೊಳ್ಳಲಿ, ತಾನು ಬಾಯಿ ತೆರೆಯುವುದು ತಪ್ಪಲಿ ಎಂದುಕೊಂಡಳು.

ಮುನಿರಾಜಪ್ಪ ಹಾಳೆಯನ್ನು ದೂರ ಹಿಡಿದರು, ಹತ್ತಿರ ತಂದರು.

"ಇರುವೆ ಸಾಲು ಬಿಟ್ಟಂಗೆ ಬರೀತೀಯಲ್ಲಮ್ಮ. ಓದು, ಕೇಳಿ ಸೈನ್ ಹಾಕ್ತೀನಿ."

ಅವಳು ಓದಿದಳು. ಮೊದಲ ಸಾಲು, ಎರಡನೆಯದು. "ನೀವು ಓದಿದ್ದು, ಏಳು ಮೂರು ಸೊನ್ನೆ ಎರಡು." ಅಲ್ಲಿಗೆ ನಿಲ್ಲಿಸಿದಳು.

"ಹೂಂ, ಆಮೇಲೆ?"

"ಬೋರ್ಡಲ್ಲಿರೋದು ಎಂಟು ಎಂಟು ನಾಲ್ಕು ಆರು ಅಂಕಲ್. ಮೂರ್ ವಾರ ಆಯ್ತು, ಬದಲಾಯ್ಸಿದ್ದಾರೆ."

ಅವರು ಪೆನ್ನನ್ನು ಹಾಳೆಯ ಮೇಲಿಟ್ಟುಬಿಟ್ಟರು.

"ನಿಂಗೆಷ್ಟಮ್ಮ ವಯಸ್ಸು?" ಮುನಿರಾಜಪ್ಪನವರ ದನಿ ಗಡಸಾಯಿತು. "ನೀನ್ ಹುಟ್ಟೋಕ್ ಮುಂಚೆ ಈ ಕಿಟಕೀಲಿ ಕೂತವ್ನು ನಾನು. ನಂಗ್ ಬೋರ್ಡ್ ಓದೋದ್ ಕಲಿಸ್ತೀಯ?"

ಅವರು ಮತ್ತೆ ದುರ್ಬೀನಿಗೆ ಕಣ್ಣಿಟ್ಟರು. ತಿರುಗಿಸಿದರು, ಒರೆಸಿದರು, ಎಡಗಣ್ಣು ಇಟ್ಟರು. ಬಹಳ ಹೊತ್ತಾಯಿತು. ಮುಖ ತೆಗೆದಾಗ ಕಣ್ಣಿನ ಸುತ್ತ ಗಾಜಿನಂಚಿನ ರಬ್ಬರಿನ ಗುರುತು ಉಂಗುರದಂತೆ ಮೂಡಿತ್ತು.

"ಮಂಜು," ಎಂದರು ಮೆಲ್ಲಗೆ. "ಬೆಳಿಗ್ಗೆ ಎದ್ರೂ ಮಂಜು, ಮಧ್ಯಾಹ್ನಾನೂ ಮಂಜು. ಗಾಜು ದೊಡ್ಡದಾದ್ರೆ ಹೋಗ್ಬಹುದೇನೋ ಅಂದ್ಕೊಂಡೆ."

"ಡಾಕ್ಟ್ರು ಮುಂದೆ ಇರ್ತಾರಲ್ಲ ಅಂಕಲ್," ಎಂದಳು ಪೂಜಿತಾ. ಆ ಮಾತು ತಾನೇ ಹೊರಬಿದ್ದಿತ್ತು.

ಮುನಿರಾಜಪ್ಪ ಜೇಬಿನಿಂದ ಮೊಬೈಲು ತೆಗೆದು, ಮುಖದ ಹತ್ತಿರ ಹಿಡಿದು ತಡಕಾಡಿ, ಕೊನೆಗೆ ಅವಳ ಕೈಗೇ ಕೊಟ್ಟರು. "ಡಾಕ್ಟರ್ ನಾಗರತ್ನಾ ಅಂತಿದೆ. ಫೋನ್ ಮಾಡು. ಸ್ಪೀಕರ್ ಹಾಕು."

ಎರಡೇ ರಿಂಗಿಗೆ ಎತ್ತಿದರು. "ಏನ್ ಯಜಮಾನ್ರೇ, ದುರ್ಬೀನ್ ತಗೊಂಡ್ರಾ? ನಮ್ಮ ಹುಡುಗ್ರೆಲ್ಲ ನೋಡೋಕೆ ಕಾಯ್ತಿದ್ದಾರೆ, ಮದುವೆ ಗಂಡು ಬಂದಂಗೆ!"

"ಡಾಕ್ಟ್ರಮ್ಮ, ಗುರುವಾರ ನಾನ್ ಬರಕ್ಕಾಗಲ್ಲ."

"ಯಾಕೆ? ಹುಷಾರಿಲ್ವಾ?"

"ಸೊಂಟ. ಸೊಂಟ ಹಿಡ್ಕೊಂಡ್ಬಿಟ್ಟಿದೆ."

"ಅಷ್ಟೇನಾ? ಹಂಗಾದ್ರೆ ಒಂದ್ ವಾರ ತಳ್ಳೋಣ ಬಿಡಿ. ನೀವಿಲ್ದೆ ನಾನಂತೂ ಪೊದೆ ಒಳಗೆ ಕಾಲಿಡಲ್ಲ. ಮುಂದಿನ ಗುರುವಾರ?"

ಮುನಿರಾಜಪ್ಪ ಪೂಜಿತಾಳ ಕಡೆ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ.

"ಸೊಂಟ ಅಲ್ಲ ಕಣಮ್ಮ. ಕಣ್ಣು. ನಂಗೆ ಕಣ್ಣು ಕಾಣಲ್ಲ."



"ಯಾವಾಗಿಂದ?"

"ಯುಗಾದಿ ಹೊತ್ತಿಗೇ ಶುರುವಾಗಿತ್ತು. ಹೋದ ತಿಂಗ್ಳು ಆನೆ ನಿಮ್ ಕಡೆ ತಿರುಗ್ತಲ್ಲ, ಆವಾಗ್ಲೂ ಕಾಣ್ತಿರ್ಲಿಲ್ಲ. ಬೂದು ಬಣ್ಣದ್ದು ಏನೋ ಒಂದು. ಅದ್ರಲ್ಲಿ ಆನೆ ಯಾವ್ದು, ನೀವ್ ಯಾವ್ದು ಗೊತ್ತಾಗ್ಲಿಲ್ಲ. ನಮ್ಮ ಪುಣ್ಯ, ಅದೇ ಹೊರಟ್ಹೋಯ್ತು."

"ನಾನು ಆವತ್ತು ಹಿಂದೆ ತಿರುಗಿ ನೋಡ್ಲೇ ಇಲ್ಲ ಯಜಮಾನ್ರೇ," ಎಂದರು ನಾಗರತ್ನಾ. ತಮಾಷೆಯ ದನಿ ಎಲ್ಲೋ ಹೋಗಿತ್ತು. "ನೀವಿದ್ದೀರಲ್ಲ ಅಂತ."

"ಗೊತ್ತು."

"ಮನೇಲಿ ಮಗು ಇದೆ ನಂಗೆ."

"ಅದೂ ಗೊತ್ತು ತಾಯಿ."

ಆಕೆ ಬೈಯಲಿಲ್ಲ. ಬೇರೆಯವರನ್ನು ಹುಡುಕುವವರೆಗೆ ಯಾರೂ ಒಳಗೆ ಹೋಗುವುದಿಲ್ಲ, ನೀವು ಮೊದಲು ಕಣ್ಣು ತೋರಿಸಿಕೊಳ್ಳಿ ಎಂದು ಹೇಳಿ ಇಟ್ಟರು. ಬೈದಿದ್ದರೆ ವಾಸಿಯಿತ್ತೇನೋ. ಮುನಿರಾಜಪ್ಪ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಎರಡೂ ಅಂಗೈಗಳನ್ನು ಮಂಡಿಯ ಮೇಲೆ ಮಗುಚಿಟ್ಟುಕೊಂಡರು. ಪೂಜಿತಾ ದೊಡ್ಡ ದುರ್ಬೀನಿಗೆ ಮುಚ್ಚಳ ಹಾಕಿ ಪೆಟ್ಟಿಗೆಗೆ ಸೇರಿಸಿದಳು. ಆಮೇಲೆ ಚಿಕ್ಕದನ್ನೂ.

ಕೆಳಗಿನಿಂದ ಕಮರುನ್ನೀಸಾ ಕೂಗಿದರು. "ಪೂಜಿತಾ! ಯಾವ್ದು ಒಪ್ಪಿದ್ರು ಬೇಟಿ? ಯಾವ್ದನ್ನ ಕೂರಿಸ್ಲಿ?"

ಅವಳು ಮುನಿರಾಜಪ್ಪನವರ ಮುಖ ನೋಡಿದಳು. "ನೀನೇ ಹೇಳ್ಬಿಡಮ್ಮ," ಎಂದರು ಅವರು.

ಪೂಜಿತಾ ಮೆಟ್ಟಿಲ ತಲೆಗೆ ಬಂದು ನಿಂತಳು.

"ಯಾವ್ದೂ ಬೇಡ ಆಪಾ. ಅವ್ರು ಇಳಿದು ಬರ್ತಿದ್ದಾರೆ, ಒಂದು ಕುರ್ಚಿ ಹಾಕಿರಿ."

ಮುನಿರಾಜಪ್ಪ ಎದ್ದು ಬಂದು, ಗೋಡೆಗೆ ಕೈ ಕೊಟ್ಟು, ಮೊದಲ ಮೆಟ್ಟಿಲು ಎಲ್ಲಿದೆಯೆಂದು ಕಾಲಿನಿಂದ ಹುಡುಕಿದರು.