ತೂಕದ ಪೆಟ್ಟಿಗೆಯ ನಕ್ಷೆ

ಕೊಯ್ಲು ಶುರುವಾಗಿ ಒಂಬತ್ತನೆಯ ದಿನ. ಧಾನ್ಯ ಒಣಗಿಸುವ ಕಾರ್ಖಾನೆಯ ಮುಂದಿನ ಟ್ರ್ಯಾಕ್ಟರುಗಳ ಸಾಲು ಬೆಳಗಾಗುವಷ್ಟರಲ್ಲೇ ಕಾಲುವೆಯ ಸೇತುವೆ ಮುಟ್ಟಿತ್ತು. ಒಳಗೆ, ಹೊಟ್ಟಿನ ಧೂಳು ಕೂತ ಕಿಟಕಿಯ ಪಕ್ಕ, ನಕ್ಷೆ ಬರೆಯುವವಳು ಯಂತ್ರಗಳ ವೈರಿಂಗಿನ ಹಳೆಯ ಕಾಗದದ ನಕ್ಷೆಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಏರಿಸುತ್ತಿದ್ದಳು. ಯಾವ ಎರಡು ತಂತಿ ಒಂದಕ್ಕೊಂದು ಹೆಣೆದುಕೊಂಡು ಹೋಗುತ್ತವೋ ಅವುಗಳ ಮೇಲೆ ಎಂಟರ ಆಕಾರದ ಗುರುತು ಹಾಕಬೇಕು. ತಂತಿಗಳು ಬಂದು ಸೇರುವ ಪೆಟ್ಟಿಗೆ ತೆರೆದು ಕಣ್ಣಾರೆ ನೋಡದೆ ಅವಳು ಒಂದು ಗುರುತನ್ನೂ ಹಾಕುತ್ತಿರಲಿಲ್ಲ.

ಆವತ್ತು ತೆರೆದದ್ದು ತೂಕದ ಪೆಟ್ಟಿಗೆ, ತೂಕದ ಯಂತ್ರದ ತಂತಿಗಳಿರುವುದು. ಇಲ್ಲಿ ವೈರ್‌ಮನ್ ಆಗಿದ್ದ ಅವಳ ಅಣ್ಣನ ಕೈಕೆಲಸ ಅದು. ಆರು ವರ್ಷದ ಹಿಂದೆ, ದೊಡ್ಡ ಫ್ಯಾನು ತಿರುಗಿದಾಗಲೆಲ್ಲ ಯಂತ್ರ ತೂಕ ಕಡಿಮೆ ತೋರಿಸುತ್ತಿದೆಯೆಂದು ರೈತರು ಗಲಾಟೆ ಎಬ್ಬಿಸಿದ್ದರು. ವೈರ್‌ಮನ್ ಹೆಣಿಗೆ ಬಿಚ್ಚಿ ಕೈಚಳಕ ತೋರಿಸಿದ್ದಾನೆ ಎಂದು ಇಂಜಿನಿಯರು ಎಲ್ಲರೆದುರು ಅಣ್ಣನತ್ತ ಬೆರಳು ಮಾಡಿದ್ದರು. ಕೆಲಸ ಹೋಯಿತು. ತೂಕಗಳ್ಳ ಎಂಬ ಹೆಸರು ಉಳಿಯಿತು. ಇಲ್ಲಿ ಸೇರಿ ನಾಲ್ಕು ತಿಂಗಳಾದರೂ ತಾನು ಅವನ ತಂಗಿ ಎಂದು ಅವಳು ಬಾಯಿ ಬಿಟ್ಟಿರಲಿಲ್ಲ. ಈ ಪೆಟ್ಟಿಗೆಯ ಸರದಿಗೇ ಕಾದಿದ್ದಳು.

ಟಾರ್ಚು ಹಿಡಿದು ನೋಡಿದಳು. ಪ್ರತಿ ತಂತಿಯ ತುದಿಗೂ ಅಣ್ಣ ತೊಡಿಸಿದ ಅಚ್ಚಿನ ನಂಬರಿನ ಉಂಗುರ. ಎರಡಕ್ಕೆ ಮಾತ್ರ ಬಿಳಿ ಟೇಪು, ಮೇಲೆ ಪೆನ್ನಿನ ಅಂಕಿ, ಅದರಲ್ಲಿನ ಏಳಕ್ಕೆ ನಡುವೆ ಅಡ್ಡಗೆರೆ. ಹಾಗೆ ಗೆರೆ ಎಳೆಯುವವರು ಇಡೀ ಕಾರ್ಖಾನೆಯಲ್ಲಿ ಒಬ್ಬರೇ, ಇಂಜಿನಿಯರು.

ಹಳೆಯ ನಕ್ಷೆ ಬಿಡಿಸಿದಳು. ತೂಕದ ಸಂಕೇತ ತರುವ ಎರಡು ತಂತಿ ಒಂದೇ ಜೋಡಿಯಾಗಿ ಹೆಣೆದಿರಬೇಕು, ಇಲ್ಲದಿದ್ದರೆ ಫ್ಯಾನಿನ ವಿದ್ಯುತ್ತು ಸಂಕೇತವನ್ನು ಕೆಡಿಸುತ್ತದೆ. ಇಂಜಿನಿಯರು ಅವನ್ನು ಬೇರೆ ಬೇರೆ ಜೋಡಿಗೆ ಹಂಚಿ ಬರೆದಿದ್ದರು. ಅಣ್ಣ ಬರೆದಂತೆಯೇ ಕಟ್ಟಿದ್ದ. ಅವನ ಕೆಲಸ ಹೋದಮೇಲೆ ಇವರೇ ಗುಟ್ಟಾಗಿ ತಂತಿ ಅದಲುಬದಲು ಮಾಡಿ ಸರಿಪಡಿಸಿದ್ದರು. ನಕ್ಷೆ ಮುಟ್ಟಿರಲಿಲ್ಲ. ಮುಟ್ಟಿದ್ದರೆ ಕಾರಣ ಬರೆಯಬೇಕಿತ್ತು.

ಆ ಕಾರಣವನ್ನು ಅವಳು ಹೊಸ ನಕ್ಷೆಯ ತಿದ್ದುಪಡಿಯ ಅಂಕಣದಲ್ಲಿ ಬರೆದಳು: 'ಮೂಲ ನಕ್ಷೆಯಲ್ಲೇ ಜೋಡಿ ತಪ್ಪು. ವೈರ್‌ಮನ್ ನಕ್ಷೆಯಂತೆ ಕಟ್ಟಿದ್ದು ಸರಿ.' ಎರಡು ಪ್ರತಿ ತೆಗೆದು ಇಂಜಿನಿಯರ ಮೇಜಿನ ಮೇಲಿಟ್ಟಳು.

"ಇದೇನಮ್ಮಾ, ಪುರಾಣ ಬರ್ದಿದ್ದೀಯ? ಜೋಡಿ ಸರಿಮಾಡಿ ಸುಮ್ನಿರು."

"ಸರಿ ಮಾಡಿದ್ದು ನೀವೇ ಅಲ್ವಾ ಸರ್, ಟೇಪ್ ಸುತ್ತಿ?"

ಅವರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. "ಹಳೇದನ್ನ ಕೆದಕಿ ನಿಂಗೇನು ಸಿಗುತ್ತೆ?"

"ನಿಮ್ಮ ಸಹಿ ಸಿಕ್ರೆ ಸಾಕು. ಮಧ್ಯಾಹ್ನ ತಪಾಸಣೆಯವ್ರು ಬರ್ತಾರೆ. ನಕ್ಷೆಗೆ ಸಹಿಯಿಲ್ದೆ ಯಂತ್ರಕ್ಕೆ ಮೊಹರು ಒತ್ತಲ್ಲ, ತೂಕ ನಿಲ್ಲುತ್ತೆ. ಹೊರಗಿನ ಸಾಲು ನೋಡಿದ್ರಲ್ಲ?"

ಸಹಿ ಬಿತ್ತು, ಎರಡಕ್ಕೂ. ಒಂದು ಪ್ರತಿಯನ್ನು ನಿಯಮದಂತೆ ಪೆಟ್ಟಿಗೆಯ ಬಾಗಿಲಿನ ಚೀಲಕ್ಕೆ ಸೇರಿಸಿದಳು. ಇನ್ನೊಂದನ್ನು ತೂಕದ ಕೋಣೆಯ ಕಿಟಕಿಗೆ, ಅಕ್ಷರ ಹೊರಮುಖವಾಗಿ ಅಂಟಿಸಿದಳು.

ಸಾಲಿನ ಮೊದಲ ಮುದುಕ ಕನ್ನಡಕ ಏರಿಸಿ ಓದಿದ. "ಹಂಗಾದ್ರೆ ಆವಾಗ ಕದ್ದೋನು ಯಾರಮ್ಮ?"

"ಕದ್ದೋರು ಯಾರೂ ಇಲ್ಲ ದೊಡ್ಡಪ್ಪ. ತಪ್ಪು ಬರ್ದೋರು ಒಬ್ರಿದ್ದಾರೆ. ಸಹಿ ಕೆಳಗಿದೆ ನೋಡಿ."

"ಓಹೋ, ನಮ್ ಸಾಹೇಬ್ರು! ಏ, ಕೇಳ್ರೋ, ತಪ್ಪುಜೋಡಿ ಸಾಹೇಬ್ರು!"

ಟ್ರ್ಯಾಕ್ಟರಿಂದ ಟ್ರ್ಯಾಕ್ಟರಿಗೆ ನಗು ದಾಟಿತು. ಸೇತುವೆ ಮುಟ್ಟುವ ಹೊತ್ತಿಗೆ 'ಸಾಹೇಬ್ರು' ಉದುರಿ ಬರೀ 'ತಪ್ಪುಜೋಡಿ' ಉಳಿದಿತ್ತು.

ಇಂಜಿನಿಯರು ಹೊರಗೆ ಬಂದರು. ಮುಖ ಇಂಗು ತಿಂದ ಮಂಗನ ಹಾಗಿತ್ತು. "ಸಮಾಧಾನ ಆಯ್ತಾ? ಇನ್ನು ಅದನ್ನ ಕಿತ್ತು ಹಾಕು."

"ನಮ್ಮಣ್ಣ ಆರು ಕೊಯ್ಲು ಕಳ್ಳ ಅನ್ನೋ ಹೆಸರು ಹೊತ್ತಿದ್ದಾನೆ ಸರ್. ನಿಮ್ದು ಇವತ್ತಿನ್ನೂ ಮೊದಲ್ನೇ ದಿನ."

ಕಾಗದದ ಒಂದು ಮೂಲೆ ಗಾಳಿಗೆ ಎದ್ದಿತ್ತು. ಅವಳು ಅದನ್ನು ಹೆಬ್ಬೆರಳಿನಿಂದ ಒತ್ತಿ, ಮೇಲೆ ಇನ್ನೊಂದು ಟೇಪು ಹಚ್ಚಿದಳು.